ಎರಡೂಕಾಲು ಇಂಚಿನ ಫಿಲ್ಮು

"ಈ ಎರಡನೇ ಸ್ಕ್ಯಾನರು ನೋಡ್ರಿ ದೊಡ್ಡವ್ವ. ಅಂಗೈಯಷ್ಟು ಐತೆ. ಇದ್ರಾಗೇ ಪರದೆ ಐತೆ, ಕಂಪ್ಯೂಟ್ರೂ ಬೇಕಾಗಲ್ಲ" ಎಂದು ಅಕ್ಷಿತಾ ಫೋನನ್ನು ಶಂಕರಮ್ಮನ ಕಣ್ಣಿನ ಮಟ್ಟಕ್ಕೆ ಹಿಡಿದಳು.

"ಎಷ್ಟು ದೊಡ್ಡ ಫಿಲ್ಮು ಹಿಡಿತೈತೆ?"

"ಮೂವತ್ತೈದು ಎಂಎಂ ಅಂತ ಬರ್ದಾರೆ."

"ಹಂಗಾದ್ರೆ ಬ್ಯಾಡ."

ಮೈದುನನ ಮಗಳು ಅಕ್ಷಿತಾ ನ್ಯಾಮತಿಯ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಒಂದು ವಾರದಿಂದ ಸಂಜೆ ಹೊನ್ನಾಳಿಗೆ ಇಳಿದವಳೇ ಸ್ಕ್ಯಾನರುಗಳನ್ನು ತೋರಿಸುವುದು, ದೊಡ್ಡಮ್ಮ ಬೇಡವೆನ್ನುವುದು ನಡೆದೇ ಇತ್ತು. ಶಂಕರಮ್ಮನಿಗೆ ಬೇಸರವೂ ಇರಲಿಲ್ಲ, ಅವಸರವೂ ಇರಲಿಲ್ಲ. ಅಕ್ಕಿ ಆರಿಸುವವಳ ಹಾಗೆ ನೋಡುತ್ತಿದ್ದಳು, ಬದಿಗೆ ಸರಿಸುತ್ತಿದ್ದಳು.

ಅವಸರ ಇದ್ದದ್ದು ಫಿಲ್ಮಿಗೆ. ಹಳೆಯ ನೆಗೆಟಿವ್ ತುಂಬಿಟ್ಟಿದ್ದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಕೋಣೆಯಲ್ಲೆಲ್ಲ ಹುಳಿ ವಾಸನೆ ಹರಡುತ್ತಿತ್ತು. ನೆಗೆಟಿವ್ ಹುಳಿ ನಾರಿತೆಂದರೆ ಅದರ ಕಾಲ ಮುಗಿಯುತ್ತ ಬಂತು, ಇನ್ನೊಂದು ಬೇಸಿಗೆ ತಡೆಯುವುದಿಲ್ಲ ಎಂದು ಗಂಡ ಹೇಳುತ್ತಿದ್ದರು. ಊರಿನಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದ ಆ ತಿಪ್ಪೇರುದ್ರಸ್ವಾಮಿ ತೀರಿಕೊಂಡು ಈಗ ಮೂರು ವರ್ಷ. ಡಬ್ಬಿಯಲ್ಲಿದ್ದವೆಲ್ಲ ಸಣ್ಣ ಫಿಲ್ಮುಗಳು, ಒಂದನ್ನು ಬಿಟ್ಟು. ಅದು ಹಳೆಯ ಪೆಟ್ಟಿಗೆ ಕ್ಯಾಮೆರಾದ್ದು, ಎರಡೂಕಾಲು ಇಂಚಿನ ಚೌಕ. ಅದರಲ್ಲಿದ್ದವಳು ಅವರ ಮಗಳು.

ಐದು ತುಂಬುವ ತನಕ ಮಗುವಿನ ಫೋಟೋ ತೆಗೆಯಬಾರದು, ಆಯುಷ್ಯ ಇಳಿಯುತ್ತದೆ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಊರ ಮಕ್ಕಳನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ ನಗಿಸಿದ ಮನುಷ್ಯ ತಾಯಿಯ ಮಾತು ಮೀರಲಿಲ್ಲ. ನಾಲ್ಕು ವರ್ಷ ಏಳು ತಿಂಗಳಿಗೆ ಮೂರು ದಿನದ ಜ್ವರ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಮಗುವಿನ ಹಣೆಗೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂರಿಸಿದರು. ಆಗ ತೆಗೆದದ್ದು ಅದೊಂದೇ ಫೋಟೋ.

ಹಾಗೆ ಕೂರಿಸಿ ಫೋಟೋ ತೆಗೆದ ಸತ್ತವರ ಮುಚ್ಚಿದ ಕಣ್ಣನ್ನು ಸ್ಟುಡಿಯೋದವರು ತೆರೆದಂತೆ ಬಿಡಿಸಿ ಕೊಡುವುದು ರೂಢಿ. ಆ ಕೆಲಸ ಶಂಕರಮ್ಮನದು. ಕಿಟಕಿಯ ಗಾಜಿಗೆ ನೆಗೆಟಿವ್ ಆನಿಸಿ, ಕಣ್ಣಿನ ಬಿಳುಪು ಬೇಕಾದ ಕಡೆ ಪೆನ್ಸಿಲ್ ಆಡಿಸಬೇಕು, ಕರಿಗುಡ್ಡೆ ಬೇಕಾದ ಕಡೆ ಬ್ಲೇಡಿನ ತುದಿಯಿಂದ ಕೆರೆಯಬೇಕು. ಹೊನ್ನಾಳಿ ಸುತ್ತಿನ ಎಷ್ಟೋ ಮನೆಗಳ ಗೋಡೆಯಿಂದ ಹಿರಿಯರು ಇವಳು ಕೊಟ್ಟ ಕಣ್ಣಿನಿಂದಲೇ ನೋಡುತ್ತಿದ್ದರು. ಜೀವ ಇದ್ದಂಗೇ ಐತೆ ಎಂದು ಮನೆಯವರು ಹೊಗಳುತ್ತಿದ್ದರು. ಮಗಳ ನೆಗೆಟಿವ್ ಮುಂದಿಟ್ಟಾಗ ಮಾತ್ರ, ನನ್ನ ಕೈಲಾಗಲ್ಲ ಎಂದುಬಿಟ್ಟಳು. ತಿಪ್ಪೇರುದ್ರಸ್ವಾಮಿ ಅದನ್ನು ಬೆಣ್ಣೆಕಾಗದದಲ್ಲಿ ಸುತ್ತಿ ಎತ್ತಿಟ್ಟರು. ಪ್ರಿಂಟು ಹಾಕಲಿಲ್ಲ. ಆಮೇಲೆ ಮೂವತ್ತೆಂಟು ವರ್ಷ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಒಂದು ಪಟಕ್ಕೋಸ್ಕರ ದೊಡ್ಡ ಮಿಷಿನ್ ಯಾರು ತಗೊಂತಾರೆ, ಬಿಸಿಲಿಗೆ ಹಿಡಿದು ಫೋನಿನಲ್ಲಿ ತೆಗೆದರಾಯಿತು ಎಂದು ಮೈದುನ ಹೇಳಿ ನೋಡಿದ. ಸುತ್ತಿದ ಕಾಗದ ಬಿಚ್ಚದೆ ಎತ್ತಿ ಹಿಡಿದರೆ ಫೋನಿನಲ್ಲಿ ಬರೀ ಬೂದಿಬಣ್ಣದ ಮೋಡ ಬಂತು. ಕಾಗದ ಬಿಚ್ಚಲು ಶಂಕರಮ್ಮ ಒಪ್ಪಲಿಲ್ಲ. ಬಿಚ್ಚುವುದಾದರೆ ಒಂದೇ ಸಲ, ಕೆಲಸ ಆಗುವಾಗ ಎಂದಳು.

ಕೊನೆಗೆ ಚನ್ನಗಿರಿಯ ಗುರುಬಸವರಾಜ್ ಎಂಬ ಸ್ಟುಡಿಯೋದವರು ಹಳೆಯದೊಂದನ್ನು ಮಾರುತ್ತಾರೆಂದು ಗೊತ್ತಾಗಿ, ಶನಿವಾರ ಇಬ್ಬರೂ ಬಸ್ಸು ಹತ್ತಿದರು. ಜೆರಾಕ್ಸ್ ಮಿಷಿನ್ನಿನ ಹಾಗೆ ಮುಚ್ಚಳ ಎತ್ತಿ ಇಡುವಂಥದು, ಮುಚ್ಚಳದೊಳಗೂ ದೀಪ. ದೊಡ್ಡ ಫಿಲ್ಮೂ ಆಗುತ್ತದೆ. ಹೊಸದರ ಕಾಲುಭಾಗದ ಬೆಲೆ.

"ಅಮ್ಮಾರೇ, ಇದು ನಮ್ಮತ್ತೆ ಇದ್ದಂಗೆ" ಎಂದರು ಗುರುಬಸವರಾಜ್. "ಬಿಸಿ ಆಗಾಕೆ ಹೊತ್ತು ಬೇಕು. ಒಂದ್ಸಲ ಶುರು ಹಚ್ಚಿಕೊಂಡ್ರೆ ನಡುವೆ ನಿಲ್ಸಾಕೆ ಆಗಲ್ಲ."

ಅಕ್ಷಿತಾ ನಕ್ಕಳು. ದೊಡ್ಡ ಫಿಲ್ಮು ಕೂರಿಸುವ ಚೌಕಟ್ಟು ಎಲ್ಲೋ ಕಳೆದುಹೋಗಿದೆ ಎಂದು ಅವರು ಆಮೇಲೆ ಒಪ್ಪಿಕೊಂಡಾಗ ಅವಳ ಮುಖ ಇಳಿಯಿತು. ವಾಪಸ್ ಹೋಗೋಣ ಎಂದು ದೊಡ್ಡಮ್ಮನ ಸೆರಗು ಜಗ್ಗಿದಳು. ಚೌಕಟ್ಟು ನಾನು ಮಾಡಿಕೊಳ್ತೀನಿ ಎಂದು ಶಂಕರಮ್ಮ ದುಡ್ಡು ತೆಗೆದಳು. ಅಂದೇ ಸಂಜೆ, ಹಿಂದೆ ಫೋಟೋ ಕಾಗದ ಬರುತ್ತಿದ್ದ ಪೆಟ್ಟಿಗೆಯ ಕಪ್ಪು ರಟ್ಟಿನಲ್ಲಿ ಅಳತೆ ಹಿಡಿದು ಒಂದು ಚೌಕ ಕತ್ತರಿಸಿದಳು.

ಭಾನುವಾರ ಊಟವಾದ ಮೇಲೆ ಕಾಗದ ಬಿಚ್ಚಿದಳು. ಫಿಲ್ಮನ್ನು ಅಂಚಿನಲ್ಲಿ ಹಿಡಿದು, ನೋಡದೆಯೇ ರಟ್ಟಿಗೆ ಕೂರಿಸಿ ಮುಚ್ಚಳ ಹಾಕಿದಳು. ಬೆಳಕು ಒಳಗೇ ನಿಧಾನಕ್ಕೆ ಸರಿಯಿತು. ಅಕ್ಷಿತಾಳ ಲ್ಯಾಪ್‌ಟಾಪಿನಲ್ಲಿ ಮೊದಲು ಗೋಡೆ, ಆಮೇಲೆ ಹೂವು, ಕೊನೆಗೆ ಮುಖ ಮೂಡಿತು.

"ದೊಡ್ಡವ್ವ, ಕಣ್ಣು ಬಿಡಿಸಿಲ್ಲ ಅಂದಿದ್ರಲ್ಲ?"

ಕಣ್ಣುಗಳು ತೆರೆದಿದ್ದವು. ಶಂಕರಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಬಾಗಿದಳು. ಇದು ಅವಳ ಕೆಲಸವಲ್ಲ. ಎಡಗಣ್ಣು ದೊಡ್ಡದಾಗಿತ್ತು, ಬಲಗಣ್ಣು ಸಣ್ಣದು, ಎರಡೂ ಬೇರೆ ಬೇರೆ ಕಡೆ ನೋಡುತ್ತಿದ್ದವು. ಪೆನ್ಸಿಲ್ಲನ್ನು ಒಂದೇ ಕಡೆ ಹತ್ತಾರು ಸಲ ಒತ್ತಿ ಬಿಳುಪು ಸುಣ್ಣದ ಹಾಗಾಗಿತ್ತು. ಬಲಗಣ್ಣಿನ ಹತ್ತಿರ ಬ್ಲೇಡು ಜಾರಿ ಕೆನ್ನೆಯವರೆಗೂ ಒಂದು ಕರಿಗೆರೆ. ಆ ಮನೆಯಲ್ಲಿ ಬ್ಲೇಡು ಹಿಡಿಯಲು ಇದ್ದವರು ಇಬ್ಬರೇ. ಗಂಡ ಅದಕ್ಕೆ ಮುಂಚೆ ಒಂದು ಕಣ್ಣನ್ನೂ ಬಿಡಿಸಿದವರಲ್ಲ. ಯಾವಾಗ ಕೂತಿದ್ದರೋ, ಕಿಟಕಿಯ ಹತ್ತಿರ, ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ.

ಅಳು ಬರಬಹುದೆಂದು ಒಂದು ಗಳಿಗೆ ಕಾದಳು. ಬರಲಿಲ್ಲ.

"ಈ ಗೀರು ತೆಗೆಯಾಕೆ ಇಲ್ಲೇ ಒಂದು ಗುಂಡಿ ಐತೆ" ಎಂದಳು ಅಕ್ಷಿತಾ ಮೆಲ್ಲಗೆ. "ಕಣ್ಣೂ ಸಮ ಮಾಡಬಹುದು. ನೀವು ಹೆಂಗೆ ಅಂತ ಹೇಳಿದ್ರೆ ಹಂಗೆ."

ಹೇಗೆಂದು ಶಂಕರಮ್ಮನಿಗೆ ಗೊತ್ತಿತ್ತು. ಎಡಗಣ್ಣನ್ನು ಒಂದು ಕೂದಲೆಳೆ ತಗ್ಗಿಸಿ, ಗುಡ್ಡೆಯಲ್ಲೊಂದು ಬೆಳಕಿನ ಚುಕ್ಕೆ ಬಿಟ್ಟರೆ ಸಾಕು.

"ಬ್ಯಾಡ" ಎಂದಳು. "ಅವರು ಮಾಡಿದ್ದು ಹಂಗೇ ಇರ್ಲಿ."

"ಏನಂತ ಹೆಸರು ಕೊಟ್ಟು ಇಡ್ಲಿ?"

"ಸುಚಿತ್ರಾ."

ಅಕ್ಷಿತಾ ಒತ್ತಿದಳು, ಒಂದೊಂದೇ ಅಕ್ಷರ. ಶಾಲೆ ಸೇರುವ ಮೊದಲೇ ಹೋದ ಮಗು. ಆ ಹೆಸರನ್ನು ಈವರೆಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಶಂಕರಮ್ಮ ಮುಚ್ಚಳ ಎತ್ತಿದಳು. ಒಳಗಿನ ದೀಪ ಇನ್ನೂ ಆರಿರಲಿಲ್ಲ. ಅವಳ ಬೆರಳುಗಳ ಮೇಲೆ ಬಿಳಿ ಬೆಳಕು ಬಿದ್ದಿತ್ತು, ಗಾಜು ಬೆಚ್ಚಗಿತ್ತು.