ಕ್ರಾಸಿನಲ್ಲಿ ಒಂಬತ್ತು ನಿಮಿಷ

ನನಗೆ ಭಾಷಣ ಬರುವುದಿಲ್ಲ ಎಂದು ಮೂರು ಸಲ ಹೇಳಿದ್ದೆ. ಆದರೂ ಪಂಚಾಯ್ತಿ ಅಧ್ಯಕ್ಷ ಅನಂತರಾಜು ನನ್ನ ಹೆಸರನ್ನು ಪಟ್ಟಿಗೆ ಸೇರಿಸಿಯೇಬಿಟ್ಟ. ಗುರುಸಿದ್ದಯ್ಯನವರ ಜೊತೆ ಹದಿನೈದು ವರ್ಷ ಆಂಬುಲೆನ್ಸ್ ಓಡಿಸಿದವನು ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು ಎಂಬುದು ಅವನ ವಾದ. ಹನ್ನೊಂದನೇ ದಿನದ ಗಣಾರಾಧನೆ ಮುಗಿದು, ಊಟವೂ ಆಗಿ, ಸ್ಕೂಲ್ ಮೈದಾನದ ಶಾಮಿಯಾನದಡಿ ನುಡಿನಮನ ಶುರುವಾಗಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ಸಲ ಎದ್ದು ಹೋಗಿ ಗೇಟಿನ ಬಳಿ ನಿಲ್ಲಿಸಿದ್ದ ಗಾಡಿಯ ಟೈರಿಗೆ ಒದ್ದು ಬಂದೆ. ಗಾಳಿ ಸರಿಯಾಗಿಯೇ ಇತ್ತು.

ಮುಂದಿನ ಸಾಲಿನಲ್ಲಿ ಅವರ ಹೆಂಡತಿ ರೇವಮ್ಮ ಕೂತಿದ್ದರು. ಅವರಿಗೆ ಹೇಳಬೇಕಾದ ಒಂದು ಮಾತು ಹನ್ನೊಂದು ದಿನದಿಂದ ನನ್ನಲ್ಲೇ ಉಳಿದುಬಿಟ್ಟಿತ್ತು. ಹೇಳಿದರೆ ಅವರು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ನಾನು ಅವರ ಮುಖ ನೋಡಲಾರೆ. ಹೀಗಿರುವಾಗ ಮೈಕು ಹಿಡಿದು ಏನು ಒದರುವುದು?

ಮೈಕಿನ ಮುಂದೆ ನಿಂತವರೆಲ್ಲ ಗುರುಸಿದ್ದಯ್ಯನವರನ್ನು ದೇವರು ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇವರೂ ಅಲ್ಲ, ಗೀವರೂ ಅಲ್ಲ, ಮಹಾ ಸಿಡುಕ. ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಗಾಯಾಳುಗಳಿಗೆ ಪಟ್ಟಿ ಕಟ್ಟಿ, ಸೋಲೂರು ಕಡೆಯ ನಮ್ಮ ಹಳ್ಳಿಗೆ ವಾಪಸು ಬಂದವರು. ಮಠದವರು ಆಂಬುಲೆನ್ಸ್ ಕೊಡಿಸುವ ತನಕ ಹಳೇ ಮೊಪೆಡ್ಡಿನಲ್ಲೇ ಊರೂರು ತಿರುಗಿದರು. ಯಾರಾದರೂ ಡಾಕ್ಟ್ರೇ ಅಂದರೆ ರೇಗುತ್ತಿದ್ದರು.

"ನಾನು ಡಾಕ್ಟ್ರಲ್ಲ. ಡಾಕ್ಟ್ರ ತಾವಕ್ಕೆ ಉಸಿರಿರೋವಾಗ್ಲೇ ಮುಟ್ಸೋನು."

ನಮ್ಮೂರ ಹುಚ್ಚಯ್ಯ ತೆಂಗಿನ ಮರದಿಂದ ಬಿದ್ದಾಗ ನಾಲ್ಕು ಜನ ಅವನ ಕೈಕಾಲು ಹಿಡಿದು ಎತ್ತಲು ಹೋದರು. "ಮುಟ್ಟುದ್ರೆ ನಿಮ್ ಕೈ ಮುರೀತೀನಿ" ಎಂದು ಗದರಿ, ಅವನ ಮನೆಯ ಬಾಗಿಲನ್ನೇ ಕೀಳಿಸಿ, ಅದರ ಮೇಲೆ ಅಲುಗಾಡದಂತೆ ಮಲಗಿಸಿ ಮಾಗಡಿ ಆಸ್ಪತ್ರೆಗೆ ಸಾಗಿಸಿದರು. ಹುಚ್ಚಯ್ಯ ಈಗ ನೆಟ್ಟಗೆ ಓಡಾಡುತ್ತಾನೆ. ಬಾಗಿಲು ಮಾತ್ರ ಆವತ್ತಿಂದ ಸರಿಯಾಗಿ ಕೂರುವುದಿಲ್ಲ ಎಂದು ಇನ್ನೂ ಗೊಣಗುತ್ತಾನೆ. ಉಪಕಾರ ಸ್ಮರಣೆ ಅಂದರೆ ಅದು!

ಅವರಿಗೊಂದು ಮಿಲಿಟರಿ ಅಭ್ಯಾಸವಿತ್ತು. ಫೋನಿನಲ್ಲಿ ಹೆಸರು ಹೇಳುವಂತಿಲ್ಲ, ನೆಂಟಸ್ತನ ಹೇಳುವಂತಿಲ್ಲ. ಗಂಡಸೋ ಹೆಂಗಸೋ, ವಯಸ್ಸೆಷ್ಟು, ಏನಾಗಿದೆ, ಯಾವೂರು, ಅಷ್ಟೇ. ಯಾರಾದರೂ ಅಪ್ಪನಿಗೆ ಹೀಗಾಗಿದೆ ಎಂದು ಅಳಲು ಶುರು ಮಾಡಿದರೆ, "ನಿಮ್ಮಪ್ಪ ಅಂದ್ರೆ ನಂಗೇನ್ಲಾ ಗೊತ್ತಾಯ್ತದೆ? ವಯಸ್ಸೇಳು, ಉಸಿರೈತಾ ಹೇಳು" ಎಂದು ಬೈಯುತ್ತಿದ್ದರು. ನನಗೂ ಅಷ್ಟೇ ಹೇಳುತ್ತಿದ್ದರು. ಯಾರ ಮನೆ ಎಂಬುದು ಗಾಡಿ ಹತ್ತಿದ ಮೇಲಿನ ಮಾತು.

ಇನ್ನೊಂದು ಕಟ್ಟಳೆ. ಅವರ ಮನೆಯ ಸಂದಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಹಾಗಾಗಿ ಕೇಸು ಎಲ್ಲಿಯದೇ ಆಗಲಿ, ನಾನು ಮೊದಲು ಊರ ಕ್ರಾಸಿಗೆ ಬರಬೇಕು. ಅವರು ಬ್ಯಾಗು ಹಿಡಿದು ಅಲ್ಲಿ ನಿಂತಿರುತ್ತಾರೆ. ಅವರು ಹತ್ತದೆ ಗಾಡಿ ಕದಲಕೂಡದು. ಹದಿನೈದು ವರ್ಷದಲ್ಲಿ ಒಂದು ದಿನವೂ ಅವರು ನನ್ನನ್ನು ಕಾಯಿಸಿರಲಿಲ್ಲ.

ಆ ಕೊನೆಯ ದಿನ ಬೆಳಿಗ್ಗೆ ಎಂಟೂವರೆಗೆ ಅವರ ಫೋನ್ ಬಂತು. "ಗಂಡಸು. ಅರವತ್ತೆಂಟು. ಎದೆನೋವು, ಬೆವರು. ನಮ್ಮೂರೇ. ಬಾ." ದನಿ ಎಂದಿನಂತೆಯೇ ಇತ್ತು. ನಾನು ಕ್ರಾಸಿಗೆ ಬಂದು ನಿಂತೆ.

ಇದನ್ನೆಲ್ಲ ಮೆಲುಕು ಹಾಕುತ್ತಾ ಕೂತಿದ್ದಾಗ ಅನಂತರಾಜು ಮೈಕಿನಲ್ಲಿ ಕೂಗಿದ. "ಫೋನ್ ಬಂದಿದ್ದೇ ತಡ, ನಮ್ ಡ್ರೈವರ್ ನಟರಾಜು ಒಂದು ನಿಮಿಷನೂ ವೇಸ್ಟ್ ಮಾಡ್ದೆ ಮನೆ ಬಾಗ್ಲಿಗೇ ಬಂದ್ಬುಟ್ಟ. ಏನ್ ಮಾಡಾದು, ಅವ್ರ ಆಯಸ್ಸೇ ಅಷ್ಟಿತ್ತು."

ಜನ ಲೊಚಗುಟ್ಟಿದರು. ನಾನು ಎದ್ದು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡೆ.

"ಸುಳ್ಳು. ನಾನು ಬರ್ನಿಲ್ಲ. ಕ್ರಾಸಲ್ಲಿ ಒಂಬತ್ ನಿಮಿಷ ಕಾಯ್ತಾ ಕೂತಿದ್ದೆ. ಸಾರ್ ಹೇಳಿದ್ದು ಅವ್ರದ್ದೇ ಕೇಸು ಅಂತ ಹೊಳೀನಿಲ್ಲ. ಪೇಶೆಂಟು ಇನ್ಯಾರೋ ಅನ್ಕಂಡೆ, ಸಾರ್ ಬಂದು ಹತ್ಲಿ ಅಂತ ಕೂತೆ. ಹಾರ್ನ್ ಹೊಡ್ದೆ. ಎರಡು ಸಲ ಫೋನ್ ಮಾಡ್ದೆ, ಎತ್ನಿಲ್ಲ. ಸಿಟ್ ಬಂತು. ಜಗಳ ಆಡಕ್ಕೇಂತ ಮನೆ ತಾವಕ್ಕೆ ಓಡ್ದೆ. ಪೇಶೆಂಟ್ ಸಾಯ್ತಾವ್ನೆ, ಇಲ್ಲೇನ್ ಮಾಡ್ತಾ ಇದ್ದೀರಾ ಅಂತ ಬೀದಿಯಿಂದ್ಲೇ ಕೂಗ್ದೆ. ಸಾರ್ ಜಗಲಿ ಕಂಬಕ್ಕೆ ಒರಗಿ ಕೂತಿದ್ರು. ಆಗ್ಲೇ ಹೋಗ್ಬುಟ್ಟಿದ್ರು."

ರೇವಮ್ಮ ಎದ್ದು ನಿಂತರು. ಬೈಯಲಿ, ನಾಲ್ಕು ಜನರೆದುರು ಕೆನ್ನೆಗೆ ಬಾರಿಸಲಿ, ಅದೇ ಬೇಕಾಗಿತ್ತು ನನಗೆ.

"ಬ್ಯಾಗ್ ಎತ್ಕಂಡು ಅವ್ರೂ ಹೊಂಟಿದ್ರು ಕಣಪ್ಪ, ಕ್ರಾಸಿಗೆ ನಡ್ಕಂಡೇ ಹೋಯ್ತೀನಿ ಅಂತ," ಅಂದರು. "ಜಗಲಿ ತನಕ ಬಂದು ಕುಸುದ್ರು. ನಟರಾಜು ಕಾಯ್ತಾ ಇರ್ತಾನೆ, ಓಡೋಗಿ ಕರ್ಕಂಬಾ ಅಂದ್ರು. ನಾನು ಹೋಗ್ನಿಲ್ಲ. ನನ್ ಕೈ ಹಿಡ್ಕಂಡಿದ್ರು. ಬುಟ್ಟೋದ್ರೆ ಒಬ್ರೇ ಹೋಗ್ಬುಡ್ತಾರೆ ಅಂತ ಭಯ ಆಯ್ತು. ಫೋನು ಒಳಗೆ ಬಡ್ಕತಿತ್ತು, ಅದ್ಕೂ ಏಳ್ನಿಲ್ಲ. ನಿನ್ ಹಾರ್ನು ಕೇಳ್ತಾನೇ ಇತ್ತು. ಅವ್ರಿಗೂ ಕೇಳ್ತು. ಬಯ್ತಾವ್ನೆ ನೋಡು ನಂಗೆ, ಅಂತ ನಕ್ರು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನಾನು ಎದ್ದು ಓಡಿದ್ರೆ ಅವ್ರು ಉಳ್ಕತಿದ್ರಾ ನಟರಾಜು? ಇಷ್ಟ್ ವರ್ಷ ಅವ್ರ ಜೊತೆ ಇದ್ದೋನು ನೀನು, ನಿಂಗೆ ಗೊತ್ತಿರ್ತದೆ. ನಿಜ ಹೇಳು."

ಹನ್ನೊಂದು ದಿನವೂ ಇದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದೆ. ಪ್ರತಿ ಸಲವೂ ಹೌದು, ಉಳಿಯುತ್ತಿದ್ದರು ಎಂದೇ ಉತ್ತರ ಕೊಟ್ಟುಕೊಂಡಿದ್ದೆ. ಈಗ ಆ ಹೆಂಗಸಿನ ಮುಖ ನೋಡಿಕೊಂಡು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲ ಕಣಕ್ಕ," ಎಂದೆ. "ಓಡಿದ್ರೂ ಉಳೀತಿರ್ನಿಲ್ಲ."

ರೇವಮ್ಮ ನನ್ನನ್ನೇ ದಿಟ್ಟಿಸಿ ನೋಡಿದರು.

"ಹಂಗಾರೆ ನಿಂಗೂ ಅದೇ ಮಾತು," ಎಂದು ಹೇಳಿ ಕೂತುಕೊಂಡರು.