ಮೂವತ್ತೇಳನೇ ಜಾಡಿಯ ಮೀನು

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ನನಗೆ ಇಷ್ಟವಾದದ್ದು ಮೀನಿನ ಕತೆ. ಕಡಲು ಕಾಣುವ ಗುಡ್ಡದ ಮೇಲೆ ಒಬ್ಬ ರಾಣಿ ಜಾಡಿಯೊಳಗೆ ಮಲಗಿದ್ದಾಳೆ. ಅವಳ ತಲೆಯ ಮೇಲೆ ಒಕ್ಕಣ್ಣಿನ ನೀಲಿ ಮೀನೊಂದು ತಲೆಕೆಳಗಾಗಿ ಈಜುತ್ತ ಕಾವಲು ಕಾಯುತ್ತದೆ. ಷಾಮ್ ಶುಯಿ ಪೋ ಎಂಬ ಕಿಕ್ಕಿರಿದ ಪೇಟೆಯಲ್ಲಿ, ಒಂದೇ ಮನೆಯನ್ನು ಹಲಗೆ ಹೊಡೆದು ಐದು ಸಂಸಾರಕ್ಕೆ ಹಂಚಿದ ಕಿಟಕಿಯಿಲ್ಲದ ನಮ್ಮ ಗೂಡಿನಲ್ಲಿ, ಮೇಲಿನ ಮಂಚದ ನನಗೂ ಕೆಳಗಿನ ಮಂಚದ ಅಜ್ಜಿಗೂ ನಡುವೆ ಆ ಮೀನು ಎಷ್ಟು ಸಲ ಈಜಿತ್ತೋ.

ಸರ್ಕಾರಿ ಮನೆಗೆ ಅರ್ಜಿ ಹಾಕಿ ಏಳು ವರ್ಷವಾಗಿತ್ತು. ನಗರದಂಚಿನ ತುನ್ ಮುನ್ ಆಚೆಯ ಗುಡ್ಡದಲ್ಲಿ ಹೊಸ ಬ್ಲಾಕ್ ಎದ್ದರೆ ನಮ್ಮ ಸರದಿ ಎಂದಿದ್ದರು. ಬ್ಲಾಕ್ ಏಳಲೇ ಇಲ್ಲ. ಒಂದು ವರ್ಷ ಚಂಡಮಾರುತ, ಮರುವರ್ಷ ಕೆಲಸಗಾರರ ಕೊರತೆ, ಆಮೇಲೆ ಹಳೆಯ ಮರಗಳನ್ನು ಬೇರು ಸಮೇತ ಸಾಗಿಸುವ ತಕರಾರು. ಅಜ್ಜಿಗೆ ಎಂಬತ್ತೆರಡಾಯಿತು. ಅವಳು ಒಂದು ಸಲವಾದರೂ ಕಿಟಕಿಯ ಪಕ್ಕ ನಿಂತು ಗಂಜಿ ಬೇಯಿಸಲಿ ಎಂಬುದೊಂದೇ ನನ್ನ ಆಸೆ.

ಈ ಸಲ ಯಾವ ಕಾರಣವೋ ಕೇಳೋಣವೆಂದು ಬೆಳಿಗ್ಗೆ ಕಾಮಗಾರಿಯ ಕಚೇರಿಗೆ ಹೋದೆ. ಇಂಜಿನಿಯರ್ ಪೂನ್ ಗೋಡೆ ತೋರಿಸಿದರು. ಹಿಂದಿನವರು ಸತ್ತ ಹಿರಿಯರ ಮೂಳೆ ತುಂಬಿ ಗುಡ್ಡದಲ್ಲಿ ಇಟ್ಟಿದ್ದ ಜಾಡಿಗಳ ಚಿತ್ರಗಳು, ನಂಬರು ಹಾಕಿದವು. ಮೂವತ್ತಾರಕ್ಕೆ ವಾರಸುದಾರರು ಬಂದು ಒಯ್ದಾಗಿತ್ತು. ಕೊನೆಯದಕ್ಕೆ ಯಾರೂ ಬಂದಿರಲಿಲ್ಲ. ನಾವೇ ತೆಗೆಯೋಣವೆಂದರೆ, ಅದರ ಪಕ್ಕದಲ್ಲೇ ಅಗೆಯುವ ಯಂತ್ರ ಮಗುಚಿದಂದಿನಿಂದ ಕೆಲಸಗಾರರು ಆ ಕಡೆ ಕಾಲಿಡುತ್ತಿಲ್ಲ ಎಂದರು.

ನಾನು ಮೂವತ್ತೇಳನೆಯ ಚಿತ್ರದ ಹತ್ತಿರ ಹೋದೆ. ಮುಚ್ಚಳದ ಜಾಗದಲ್ಲಿ ಒಂದು ಅನ್ನದ ಬಟ್ಟಲನ್ನು ಬೋರಲು ಹಾಕಿದ್ದರು. ಬಟ್ಟಲ ಮೇಲೆ ನೀಲಿ ಮೀನು. ಒಂದು ಕಣ್ಣಿನ ಜಾಗ ಖಾಲಿ.

ಮೆಟ್ರೋದಲ್ಲಿ ಕೂರಲಾಗದೆ ನಿಂತೇ ಬಂದೆ. ಮೆಟ್ಟಿಲುಗಳನ್ನು ಎರಡೆರಡು ಹಾರಿದೆ. ಫೋನಿನಲ್ಲಿ ತೆಗೆದುಕೊಂಡು ಬಂದಿದ್ದ ಚಿತ್ರವನ್ನು ಅಜ್ಜಿ ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದಳು.

"ಮುಚ್ಚಳ ದಾರೀಲಿ ಒಡೆದುಹೋಯ್ತು. ನನ್ನ ಬಟ್ಟಲನ್ನೇ ಮುಚ್ಚಿದೆ. ನನಗಾಗ ಹದಿನೇಳು."

"ಕತೆ ಅಂದಿದ್ದೆಯಲ್ಲ ಅಜ್ಜಿ?"

"ರಸ್ತೆ ಮಾಡುವಾಗ ಗುಡ್ಡದ ಒಂದು ಪಕ್ಕಾನೇ ಕಡಿದ್ರು, ಗುರುತು ಹೋಯ್ತು. ಮೂರು ಸಲ ಹುಡುಕಿದೆ, ಸಿಗಲಿಲ್ಲ. ಅಮ್ಮ ಕಳೆದುಹೋದಳು ಅಂತ ಮೊಮ್ಮಗಳಿಗೆ ಹೇಗೆ ಹೇಳಲಿ? ರಾಣಿ ಮಾಡಿದೆ."

ಈ ಸಲ ನಮ್ಮ ಮನೆಗೆ ಅಡ್ಡ ಕೂತವಳು ನಮ್ಮ ಮುತ್ತಜ್ಜಿಯೇ! ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು.

ಮಧ್ಯಾಹ್ನವೇ ಇಬ್ಬರೂ ಪೂನ್ ಎದುರು ಕೂತಿದ್ದೆವು. ಹಳ್ಳಿಯ ಹೆಸರು, ಸತ್ತ ವರ್ಷ ಎಲ್ಲ ಬರೆದುಕೊಂಡು, ಅವರು ಇವತ್ತೇ ತೆಗೆಯೋಣವೆಂದು ಎದ್ದೇ ಬಿಟ್ಟರು. ಅಜ್ಜಿ ಮಾತ್ರ ಚೀಲದಿಂದ ಪಂಚಾಂಗ ತೆಗೆದು ಬೆರಳು ಎಣಿಸಿ, ಇನ್ನು ಹತ್ತೊಂಬತ್ತು ದಿನ ಬಿಟ್ಟು ಎಂದಳು.

ಪೂನ್ ತಮ್ಮ ಮೇಜಿನ ಡ್ರಾಯರ್ ಎಳೆದರು. ಅಲ್ಲೂ ಅದೇ ಪಂಚಾಂಗ.

"ಒಂಬತ್ತನೇ ತಾರೀಖು ಚೆನ್ನಾಗಿದೆಯಲ್ಲ ಅಜ್ಜಿ?"

"ಹಂದಿ ವರ್ಷದಲ್ಲಿ ಹುಟ್ಟಿದವರಿಗೆ ಆಗಲ್ಲಪ್ಪ. ನಾನು ಹಂದಿ."

ಅವರು ಪುಟ ತಿರುವಿದರು, ಇನ್ನೊಂದು ತಿರುವಿದರು. "ಹೌದು, ಆಗಲ್ಲ," ಎಂದು ನಿಟ್ಟುಸಿರು ಬಿಟ್ಟು, ವಿಳಂಬದ ಪಟ್ಟಿಯಲ್ಲಿ ಹೊಸ ಸಾಲು ಬರೆದರು. ಇಣುಕಿ ನೋಡಿದೆ. ಕಾರಣ: ಕುಟುಂಬದ ಅನುಕೂಲ.

ಇಪ್ಪತ್ತನೆಯ ದಿನ ಗುಡ್ಡ ಹತ್ತಿದೆವು. ಮೂಳೆಗೆ ಬಿಸಿಲು ತಾಗಬಾರದೆಂದು ನಾನು ಕಪ್ಪು ಕೊಡೆ ಹಿಡಿದೆ. ಕೆಲಸಗಾರರೆಲ್ಲ ಹೆಲ್ಮೆಟ್ ತೆಗೆದು ದೂರದಲ್ಲಿ ನಿಂತಿದ್ದರು. ಅಜ್ಜಿ ಬಟ್ಟಲನ್ನು ಎತ್ತಿದಳು.

"ಅಮ್ಮಾ, ಕತ್ತಲಲ್ಲಿ ಬಹಳ ದಿನ ಕಾದೆ. ಏಳು, ಮನೆ ಬದಲಿಸೋಣ. ಮೊದಲು ನಿನ್ನದು, ಆಮೇಲೆ ನಮ್ಮದು."

ಮೂಳೆಗಳನ್ನು ಜೋಡಿಸಿಟ್ಟು ಕೆಂಪು ಬಟ್ಟೆ ಹೊದಿಸಿದ ಹೊಸ ಜಾಡಿಗೆ ಹೊಸ ಮುಚ್ಚಳ ಬಿತ್ತು. ಅಜ್ಜಿ ಬಟ್ಟಲನ್ನು ತನ್ನ ಅಂಗಿಯ ತುದಿಯಲ್ಲೇ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೆ ಅಜ್ಜಿ?"

"ನನ್ನ ಬಟ್ಟಲು ಕಣೇ. ಕಿಟಕಿ ಹತ್ತಿರ ಗಂಜಿ ಕುಡಿಯೋಕೆ ಬೇಡವಾ?"

ಹೊಸ ಜಾಡಿಯೊಂದಿಗೆ ನಾವು ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಹಿಂದೆ ಯಂತ್ರಗಳು ಒಂದರ ಹಿಂದೊಂದು ಗುಡುಗತೊಡಗಿದವು. ಕಾಲಡಿಯ ನೆಲ ನಡುಗಿತು. ಚೀಲದೊಳಗೆ ಬಟ್ಟಲು ಕಿಣಿಕಿಣಿ ಎಂದಿತು.