ಸೂಜಿ ತಾಕಿದಲ್ಲೆಲ್ಲ

ಟೈಲರಕ್ಕ ಆ ಕೋಟನ್ನು ಒಂದೇ ಒಂದು ಸಲ ಹಾಕಿಕೊಂಡು ನೋಡಿದ್ದಳು. ತೀರಿಹೋದ ಹೆಂಗಸಿನ ಕೋಟು; ಮಗಳ ಅಳತೆಗೆ ಚಿಕ್ಕದು ಮಾಡಿಕೊಡಿ ಅಂತ ಬಂದಿತ್ತು. ಬೆಳಗಾಗುವಷ್ಟರಲ್ಲಿ ಅವಳ ಮೈ ಕೆಂಡದಂತೆ ಸುಡುತ್ತಿತ್ತು. ಕಾಲರ್ ತಾಕಿದ ಕತ್ತಿನ ಮೇಲೆ, ತೋಳು ತಾಕಿದ ಕೈಗಳ ಮೇಲೆ ಕೆಂಪು ಗಂಟುಗಳೆದ್ದಿದ್ದವು. ಮುಟ್ಟಿದರೆ ಜೀವ ಹೋಗುವಷ್ಟು ನೋವು.

ಅತ್ತೆ ಬಾಗಿಲಲ್ಲೇ ನಿಂತರು. "ಬಡ್ಕೊಂಡೆ ನಾನು, ಸತ್ತೋರ ಬಟ್ಟೆ ಮುಟ್ಬೇಡ ಅಂತ. ಆ ಸತ್ತೋಳಿಗೆ ಇದರ ಮೇಲಿನ ಆಸೆ ಇನ್ನೂ ಹೋಗಿಲ್ಲ. ಮಗೂನ ಹತ್ರ ಕರ್ಕೋಬೇಡ."

ಪುಟ್ಟ ಮಗಳು ಅಜ್ಜಿಯ ಬೆನ್ನ ಹಿಂದಿನಿಂದ ಇಣುಕಿದಳು. ಟೈಲರಕ್ಕನಿಗೆ ಗಂಟುಗಳಿಗಿಂತ ಅದೇ ಹೆಚ್ಚು ನೋಯಿತು.

ಕೋಟನ್ನು ಬೇಗ ಮುಗಿಸಿ ಸಾಗಹಾಕೋಣವೆಂದು ಕೂತಳು. ಅವಸರದಲ್ಲಿ ಸೂಜಿ ಕೈಗೆ ಚುಚ್ಚಿತು. ಮಾರನೆಯ ದಿನ ಅದೇ ಜಾಗದಲ್ಲಿ ಹೊಸ ಗಂಟು! ಮೂಲೆಯಲ್ಲಿದ್ದ, ಹೊಲಿದ ಬಟ್ಟೆ ತೊಡಿಸಿ ನೋಡುವ ಆಳೆತ್ತರದ ಗೊಂಬೆಗೆ ಹಾಕಿದ್ದ ಕೋಟು, ಗಾಳಿಯೇ ಆಡದ ಕೋಣೆಯಲ್ಲಿ, ಒಂದು ತೋಳನ್ನು ತುಸು ಎತ್ತಿದ ಹಾಗೆ ಕಂಡಿತು.

ಆಗ ಪಕ್ಕದ ಮನೆಯ ನರ್ಸಮ್ಮ ಪ್ಯಾಂಟಿಗೆ ಜಿಪ್ಪು ಹಾಕಿಸಲು ಬಂದಳು. "ಇದೇನೇ ನಿನ್ನ ಅವತಾರ? ಏಳು, ಆಸ್ಪತ್ರೆಗೆ ಹೋಗೋಣ."

"ಔಷಧಿಗೆ ಬಗ್ಗೋ ಕಾಯಿಲೆ ಅಲ್ಲ ಕಣಮ್ಮ ಇದು," ಎಂದರು ಅತ್ತೆ.

"ಹೌದಾ? ಹೋದ ವಾರ ಇವಳು ಗಂಟಲು ನೋವು ಅಂತ ಮಲಗಿದ್ಲಲ್ಲ, ಆಗ ಈ ಕೋಟು ಎಲ್ಲಿತ್ತು? ಅಂಥ ಸೋಂಕಿನ ಬೆನ್ನಿಗೇ ಹೀಗೆ ಏಳೋದುಂಟಮ್ಮ."

ಅತ್ತೆ ಚಪ್ಪಲಿ ಮೆಟ್ಟಿಕೊಂಡು ತಾವೂ ಹೊರಟರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು, ಗಂಟಿನಿಂದ ಚೂರು ಚರ್ಮ ತೆಗೆದು ನೋಡಿದರು. "ಸ್ವೀಟ್ ಸಿಂಡ್ರೋಮ್" ಎಂದರು ಡಾಕ್ಟರು. ಅತ್ತೆ ಮನೆಗೆ ಬಂದವರೇ ಸಕ್ಕರೆ ಡಬ್ಬಿ ಬಚ್ಚಿಟ್ಟರು!

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಸಕ್ಕರೆ ಕಾಯಿಲೆ ಅಲ್ಲಮ್ಮ! ಸ್ವೀಟ್ ಅನ್ನೋದು ಇದನ್ನ ಮೊದಲು ವಿವರಿಸಿದ ಡಾಕ್ಟರ ಹೆಸರು. ಬಲು ಅಪರೂಪದ್ದು. ನಮ್ಮನ್ನ ಕಾಯೋ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಚರ್ಮಕ್ಕೆ ನುಗ್ತವೆ. ಕತ್ತು, ಕೈಗಳ ಮೇಲೆ ಗಂಟು ಏಳೋದೇ ಹೆಚ್ಚು; ಸೂಜಿ ಚುಚ್ಚಿದ ಕಡೆನೂ ಏಳಬಹುದು. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಆದರೆ ಕೆಲವರಲ್ಲಿ ಇದರ ಹಿಂದೆ ರಕ್ತದ ದೊಡ್ಡ ಕಾಯಿಲೆ ಅಡಗಿರುತ್ತೆ. ಅದಕ್ಕೇ ತಡ ಮಾಡಬಾರದು."

ಡಾಕ್ಟರು ಕೊಟ್ಟ ಮಾತ್ರೆಗೆ ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಗಂಟುಗಳು ಬಾಡತೊಡಗಿದವು. "ಅಂಟಲ್ವಂತೆ ಅಲ್ವಾ ಅಜ್ಜಿ?" ಎಂದ ಮಗಳು ಉತ್ತರಕ್ಕೂ ಕಾಯದೆ ಅಮ್ಮನ ಕತ್ತಿಗೆ ಜೋತುಬಿದ್ದಳು. ಟೈಲರಕ್ಕ ಅತ್ತೇಬಿಟ್ಟಳು.

ಕೋಟು ಮನೆ ಬಿಟ್ಟು ಹೋದ ಮೇಲೂ ಅತ್ತೆ ಆ ಗೊಂಬೆಗೆ ಬೆನ್ನು ಕೊಟ್ಟು ಕೂರುವುದಿಲ್ಲ. ಇರಲಿ ಬಿಡಿ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಜ್ವರದ ಜೊತೆ ದಿಢೀರನೆ ನೋಯುವ ಕೆಂಪು ಗಂಟುಗಳೆದ್ದರೆ ಹಿಸುಕಬೇಡಿ, ಕಂಡದ್ದೆಲ್ಲ ಹಚ್ಚಬೇಡಿ, ನೀವೇ ಮಾತ್ರೆ ತಂದು ನುಂಗಬೇಡಿ. ಡಾಕ್ಟರಿಗೆ ತೋರಿಸಿ. ಹೆದರಿಕೆ ಬೇಕಿದ್ದರೆ ಜೊತೆಗೇ ಬರಲಿ. ನೀವು ಹೊರಡಿ, ಇವತ್ತೇ.